ಕಡಲ ಯಾನದಲ್ಲಿ ಮಕ್ಕಳು: ಎಷ್ಟು ಕಾವಲು, ಎಷ್ಟು ಸ್ವಾತಂತ್ರ್ಯ?

ಮಗುವಿನ ಕೈ ಹಿಡಿದು ನಡೆಸುವುದು ತಂದೆತಾಯಿಯರಿಗೆ ಸಹಜವಾಗಿಯೇ ಬರುತ್ತದೆ. ಹಿಡಿದ ಕೈಯನ್ನು ಯಾವಾಗ, ಎಲ್ಲಿ, ಎಷ್ಟು ಸಡಿಲಿಸಬೇಕೆಂಬುದನ್ನು ಮಾತ್ರ ಕಲಿಯಬೇಕಾಗುತ್ತದೆ. ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳ ವಿಷಯದಲ್ಲಿ ಈ ಕಲಿಕೆ ಇನ್ನಷ್ಟು ಕಠಿಣ. ಕೈಹಿಡಿದರೆ ಅವರಿಗೆ ನಾಚಿಕೆ. ಬಿಟ್ಟರೆ ನಮಗೆ ಆತಂಕ. ಮಕ್ಕಳ ವೈದ್ಯೆಯಾಗಿ ಈ ಪ್ರಶ್ನೆಗೆ ನಾನು ಎಷ್ಟೋ ಪಾಲಕರಿಗೆ ಉತ್ತರ ಹೇಳಿದ್ದೇನೆ. ಆದರೆ ನನ್ನ ಉತ್ತರದಲ್ಲಿ ಒಂದು ಮುಖ್ಯ ಅಂಶ ಬಿಟ್ಟುಹೋಗಿತ್ತು. ಅದು ನನಗೆ ಅರಿವಾದದ್ದು ಮೆಕ್ಸಿಕೋ ಕೊಲ್ಲಿಯ ನಡುವೆ, ಒಂದು ವಿಹಾರ ನೌಕೆಯ ಮೇಲೆ.

ನನ್ನ ತಂಗಿಯ ಕುಟುಂಬ ಅಮೆರಿಕದ ಹ್ಯೂಸ್ಟನ್ನಿನಲ್ಲಿದೆ. ಅವಳಿಗೆ ಹನ್ನೊಂದು ವರ್ಷದ ಮಗಳು, ಎಂಟು ವರ್ಷದ ಮಗ. ಒಂದು ಚಳಿಗಾಲದಲ್ಲಿ ನಾನು ನಮ್ಮ ತಾಯಿಯವರನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದಾಗ, ಎಲ್ಲರೂ ಸೇರಿ ಏಳು ದಿನಗಳ ಕಡಲ ಪ್ರವಾಸಕ್ಕೆ ಹೊರಟೆವು. ಹ್ಯೂಸ್ಟನ್ನಿನಿಂದ ಸುಮಾರು 80 ಕಿಲೋಮೀಟರ್ ದೂರದ ಗ್ಯಾಲ್ವೆಸ್ಟನ್ ಬಂದರಿನಿಂದ ಮೆಕ್ಸಿಕೋದ ಕೊಜುಮೆಲ್ ದ್ವೀಪದ ಕಡೆಗೆ ಇಂಥ ಹಡಗುಗಳು ಹೋಗಿಬರುತ್ತವೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಊರಿನಿಂದ ಬಂದ ತಂದೆತಾಯಿಯರನ್ನು ಈ ಪ್ರವಾಸಕ್ಕೆ ಕರೆದೊಯ್ಯುತ್ತಾರೆ. ಈಚಿನ ವರ್ಷಗಳಲ್ಲಿ ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳಿಗೆ ಹೋಗುವ ವಿಹಾರ ನೌಕೆಗಳೂ ಇರುವುದರಿಂದ ನಮ್ಮ ಊರುಗಳ ಕುಟುಂಬಗಳಿಗೂ ಈ ಅನುಭವ ಅಪರೂಪವಾಗಿ ಉಳಿದಿಲ್ಲ.

ಮೂರನೆಯ ಸಂಜೆ ನಡೆದ ಸಂಗತಿ ಇದು. ಹಡಗಿನ ಹನ್ನೆರಡನೆಯ ಅಂತಸ್ತಿನಲ್ಲಿ ಮಕ್ಕಳ ಕೂಟ. ನಮ್ಮ ಕ್ಯಾಬಿನ್ ಏಳನೆಯ ಅಂತಸ್ತಿನಲ್ಲಿ. ತನ್ನ ಓರಗೆಯ ಮಕ್ಕಳಂತೆ ತಾನೂ ಒಬ್ಬಳೇ ಕೂಟದಿಂದ ಹೊರಬರಬೇಕೆಂದು ಮಗಳು ಎರಡು ದಿನ ಹಟ ಹಿಡಿದಿದ್ದಳು. ತಂಗಿ ಕೊನೆಗೆ ಒಪ್ಪಿ ಸಹಿ ಮಾಡಿಕೊಟ್ಟಳು. ಒಪ್ಪುವಾಗ ಒಂದು ಮಾತು ಸೇರಿಸಿದಳು: "ಎಂಟೂವರೆಗೆ ಕ್ಯಾಬಿನ್‌ನಲ್ಲಿರಬೇಕು. ಒಂದು ನಿಮಿಷ ತಡವಾದರೂ ನಾಳೆಯಿಂದ ಕಳಿಸುವುದೇ ಇಲ್ಲ."

ಎಂಟೂವರೆಯಾಯಿತು, ಎಂಟು ಮುಕ್ಕಾಲಾಯಿತು, ಮಗಳು ಬರಲಿಲ್ಲ. ಕೂಟದಲ್ಲಿ ವಿಚಾರಿಸಿದರೆ ಅವಳು ಎಂಟೂಕಾಲಕ್ಕೇ ಹೊರಟಿದ್ದಳು. ತಂಗಿಯ ಗಂಡ ಈಜುಕೊಳದ ಕಡೆಗೆ ಓಡಿದರು. ತಂಗಿ ಹಡಗಿನ ಸ್ವಾಗತ ಕೌಂಟರಿಗೆ ಹೋಗಿ ತಿಳಿಸಿದಳು. ನಮ್ಮ ತಾಯಿ ಕ್ಯಾಬಿನ್‌ನಲ್ಲಿ ಚಿಕ್ಕವನನ್ನು ಮಡಿಲಲ್ಲಿ ಕೂರಿಸಿಕೊಂಡು ಮಾತಿಲ್ಲದೆ ಬಾಗಿಲ ಕಡೆಗೇ ನೋಡುತ್ತಿದ್ದರು. ಕಿಟಕಿಯಾಚೆ ಕತ್ತಲು, ಅದರಾಚೆ ನೀರು. ಆ ಹೊತ್ತಿನಲ್ಲಿ ನಮ್ಮೆಲ್ಲರ ಮನಸ್ಸಿನಲ್ಲಿ ಒಂದೇ ಯೋಚನೆ ಇದ್ದಿತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಎಂಟು ಐವತ್ತೈದರ ಸುಮಾರಿಗೆ ಅವಳು ನನಗೆ ಸಿಕ್ಕಳು. ನಮ್ಮ ಅಂತಸ್ತಿನಲ್ಲಿಯೇ, ಹಡಗಿನ ಇನ್ನೊಂದು ತುದಿಯ ಮೆಟ್ಟಿಲ ಬಳಿ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದಳು. ಮುಂದಿನ ಲಿಫ್ಟಿನ ಬದಲು ಹಿಂದಿನ ಲಿಫ್ಟ್ ಹತ್ತಿದ್ದಳು. ಇಳಿದಾಗ ಕಂಡದ್ದು ಅದೇ ಬಣ್ಣದ ರತ್ನಗಂಬಳಿ, ಅದೇ ಉದ್ದನೆಯ ಓಣಿ, ಅದೇ ಬಗೆಯ ಬಾಗಿಲುಗಳು. ಆದರೆ ಸಂಖ್ಯೆಗಳು ಹೊಂದಲಿಲ್ಲ. ಹುಡುಕುವಷ್ಟರಲ್ಲಿ ಗಡುವು ಮೀರಿತು. ಅವಳು ಕುಳಿತಿದ್ದ ಜಾಗದಿಂದ ಎರಡು ಮಾರು ದೂರದಲ್ಲಿ, ಗೋಡೆಯ ಮೇಲೆ, ಹಡಗಿನ ಒಳಗೆ ಯಾವ ಕ್ಯಾಬಿನ್ನಿಗಾದರೂ ಕರೆ ಮಾಡಬಹುದಾದ ಫೋನ್ ಇತ್ತು.

"ಫೋನ್ ಇಲ್ಲೇ ಇತ್ತಲ್ಲ ಕಂದಾ, ಯಾಕೆ ಮಾಡಲಿಲ್ಲ?" ಎಂದು ಕೇಳಿದೆ.

"ತಡವಾಯಿತು ಅಂತ ಅಮ್ಮನಿಗೆ ಗೊತ್ತಾದರೆ ಮತ್ತೆ ಕಳಿಸುವುದಿಲ್ಲ ಅಂತ ಹೆದರಿದೆ, ದೊಡ್ಡಮ್ಮಾ" ಎಂದಳು.

ಆ ನಲವತ್ತು ನಿಮಿಷ ಅವಳನ್ನು ನಮ್ಮಿಂದ ದೂರವಿಟ್ಟದ್ದರಲ್ಲಿ ದಾರಿ ತಪ್ಪಿದ್ದರ ಪಾಲು ಕೆಲವೇ ನಿಮಿಷಗಳಷ್ಟು. ಉಳಿದದ್ದು ಬೈಗುಳದ ಭಯ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೂ ಇದನ್ನೇ. ಮಗುವಿಗೆ ಸ್ವಾತಂತ್ರ್ಯ ಕೊಡುವ ಮುನ್ನ, ಅದು ತಪ್ಪು ಮಾಡಿದಾಗಲೂ ಹೆದರದೆ ನಮ್ಮ ಬಳಿಗೆ ಬರುವ ದಾರಿಯನ್ನು ತೆರೆದಿಡಬೇಕು. ಮಿಕ್ಕ ಎಚ್ಚರಿಕೆಗಳೆಲ್ಲ ಅದರ ನಂತರದವು.

ತೇಲುವ ಊರು

ವಿಹಾರ ನೌಕೆಯನ್ನು ನೋಡದವರು ಅದನ್ನು ದೊಡ್ಡ ದೋಣಿಯೆಂದು ಭಾವಿಸುವುದುಂಟು. ವಾಸ್ತವದಲ್ಲಿ ಅದು ಒಂದು ಊರು. 2024ರ ಜನವರಿಯಲ್ಲಿ ಯಾನ ಆರಂಭಿಸಿದ 'ಐಕಾನ್ ಆಫ್ ದಿ ಸೀಸ್' ಎಂಬ ಹಡಗಿನ ಉದ್ದ ಸುಮಾರು 365 ಮೀಟರ್. ಅದಕ್ಕೆ 20 ಅಂತಸ್ತುಗಳು. ಪ್ರವಾಸಿಗರೇ 7,600 ಮಂದಿಯವರೆಗೆ ಅದರಲ್ಲಿರಬಲ್ಲರು. ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯ ಜನಸಂಖ್ಯೆ ಅದು. ಊಟದ ಶಾಲೆಗಳು, ರಂಗಮಂದಿರ, ಈಜುಕೊಳಗಳು, ಅಂಗಡಿಗಳು, ಮದ್ಯದ ಕೋಣೆಗಳು, ಜೂಜಿನ ಕೋಣೆ ಎಲ್ಲವೂ ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ.

ಇಲ್ಲಿ ಪಾಲಕರು ಎರಡು ಬಗೆಯಲ್ಲಿ ಎಡವುತ್ತಾರೆ. ಸುತ್ತಲೂ ಸಮುದ್ರವಿರುವಾಗ ಮಗು ಎಲ್ಲಿಗೆ ಹೋದೀತೆಂದು ಸಂಪೂರ್ಣ ಬಿಟ್ಟುಬಿಡುವವರು ಕೆಲವರು. ಸುತ್ತಲೂ ಸಮುದ್ರವಿದೆಯೆಂಬ ಕಾರಣಕ್ಕೇ ಏಳು ದಿನವೂ ಮಗುವನ್ನು ಸೆರಗಿಗೆ ಕಟ್ಟಿಕೊಳ್ಳುವವರು ಕೆಲವರು. ಮೊದಲನೆಯವರು ಹಡಗಿನಲ್ಲಿರುವ ಸಾವಿರಾರು ಅಪರಿಚಿತರನ್ನು ಮರೆಯುತ್ತಾರೆ. ಎರಡನೆಯವರು, ಕಣ್ಗಾವಲು ಕ್ಯಾಮೆರಾಗಳೂ ವಾಹನವಿಲ್ಲದ ಓಣಿಗಳೂ ಹಗಲಿರುಳು ಎಚ್ಚರವಿರುವ ಸಿಬ್ಬಂದಿಯೂ ಇರುವ ಆ ಸ್ಥಳ ಮಗುವಿನ ಮೊದಲ ಹೆಜ್ಜೆಗಳಿಗೆ ಒಳ್ಳೆಯ ಅಂಗಳವಾಗಬಲ್ಲದೆಂಬುದನ್ನು ಮರೆಯುತ್ತಾರೆ.

ಈ ವಯಸ್ಸಿನ ಮನಸ್ಸು

ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಅವರು ಮನುಷ್ಯನ ಬೆಳವಣಿಗೆಯನ್ನು ಎಂಟು ಘಟ್ಟಗಳಾಗಿ ವಿಂಗಡಿಸಿದರು. ಆರರಿಂದ ಹನ್ನೆರಡರವರೆಗಿನ ವಯಸ್ಸನ್ನು ಅವರು ಮಗು ತನ್ನ ಕಾರ್ಯಸಾಮರ್ಥ್ಯವನ್ನು ತಾನೇ ಅಳೆದು ನೋಡಿಕೊಳ್ಳುವ ಕಾಲವೆಂದು ಗುರುತಿಸಿದರು. 'ಈ ಕೆಲಸ ನನ್ನಿಂದಾಗುತ್ತದೆ' ಎಂಬ ಅನುಭವ ಮತ್ತೆ ಮತ್ತೆ ದೊರೆತರೆ ಆತ್ಮವಿಶ್ವಾಸ ಬೇರೂರುತ್ತದೆ, ದೊರೆಯದಿದ್ದರೆ ಕೀಳರಿಮೆ. ಹೀಗಾಗಿ 'ನಾನೊಬ್ಬಳೇ ಹೋಗಿಬರುತ್ತೇನೆ' ಎಂಬ ಹಟವನ್ನು ಉದ್ಧಟತನವೆಂದು ತಿಳಿಯಬಾರದು. ಹಸಿವಾದಾಗ ಮಗು ಅನ್ನ ಕೇಳುವಷ್ಟೇ ಸಹಜವಾದ ಬೇಡಿಕೆ ಅದು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಮುಂದಾಗುವುದನ್ನು ಲೆಕ್ಕಹಾಕುವ, ಆವೇಗವನ್ನು ತಡೆಯುವ ಮಿದುಳಿನ ಮುಂಭಾಗ ಪೂರ್ಣವಾಗಿ ಪಕ್ವವಾಗಲು ಇಪ್ಪತ್ತೈದರ ಆಸುಪಾಸಿನವರೆಗೂ ಕಾಲ ಹಿಡಿಯುತ್ತದೆ. ಹನ್ನೊಂದರ ಮಗು ಶಾಂತವಾಗಿ ಕುಳಿತಾಗ ನಿಯಮಗಳನ್ನು ಚೆನ್ನಾಗಿ ಒಪ್ಪಿಸುತ್ತದೆ. ಗೆಳೆಯರ ಗುಂಪಿನಲ್ಲಿ, ಉತ್ಸಾಹದಲ್ಲಿ ಅಥವಾ ಭಯದಲ್ಲಿ ಅದೇ ನಿಯಮ ನೆನಪಿಗೆ ಬರುವುದಿಲ್ಲ. ಆದ್ದರಿಂದ ಈ ವಯಸ್ಸಿನವರಿಗೆ ನಿಯಮಗಳನ್ನು ಬಾಯಿಪಾಠ ಮಾಡಿಸಿದರೆ ಸಾಲದು. ಕಾಲಿಗೆ ಕೈಗೆ ರೂಢಿಯಾಗುವಂತೆ ಅಭ್ಯಾಸ ಮಾಡಿಸಬೇಕು. ಒಂದೇ ವಯಸ್ಸಿನ ಎರಡು ಮಕ್ಕಳೂ ಒಂದೇ ಹದದಲ್ಲಿರುವುದಿಲ್ಲ. ಪಕ್ಕದ ಕ್ಯಾಬಿನ್ನಿನ ಹುಡುಗನಿಗೆ ಅನುಮತಿಯಿದೆಯೆಂಬುದು ನಮ್ಮ ಮಗುವಿಗೆ ಅಳತೆಗೋಲಾಗಬಾರದು.

ಮಕ್ಕಳ ಕೂಟ: ಸಹಿ ಮಾಡುವ ಮುನ್ನ

ದೊಡ್ಡ ಹಡಗುಗಳಲ್ಲಿ ಮಕ್ಕಳಿಗಾಗಿ ವಯಸ್ಸಿಗನುಗುಣವಾದ ಕೂಟಗಳಿರುತ್ತವೆ. ಚಿಕ್ಕ ಮಕ್ಕಳನ್ನು ಪಾಲಕರೇ ಬಿಟ್ಟು, ಪಾಲಕರೇ ಸಹಿ ಮಾಡಿ ಕರೆದೊಯ್ಯಬೇಕು. ಒಂಬತ್ತು-ಹತ್ತು ವರ್ಷ ದಾಟಿದ ಮೇಲೆ, ಪಾಲಕರು ಒಪ್ಪಿಗೆ ಬರೆದುಕೊಟ್ಟರೆ ಮಗು ತಾನೇ ಸಹಿ ಮಾಡಿ ಹೊರಬರಲು ಹಲವು ಹಡಗುಗಳಲ್ಲಿ ಅವಕಾಶವಿದೆ. ಈ ವಯೋಮಿತಿ ಎಲ್ಲೆಡೆ ಒಂದೇ ಅಲ್ಲ. ಹಡಗು ಹತ್ತಿದ ದಿನವೇ ಕೂಟದ ಸಿಬ್ಬಂದಿಯನ್ನು ಕಂಡು ಕೇಳಿ ತಿಳಿಯುವುದು ಒಳ್ಳೆಯದು.

ಬಹಳ ಪಾಲಕರು ಗಮನಿಸದ ಒಂದು ಸೂಕ್ಷ್ಮ ಇಲ್ಲಿದೆ. ಕಾರ್ನಿವಲ್ ಸಂಸ್ಥೆಯ ಹಡಗುಗಳಲ್ಲಿ 12ರಿಂದ 14 ವರ್ಷದವರಿಗೆ 'ಸರ್ಕಲ್ ಸಿ' ಎಂಬ ಬೇರೆ ಕೂಟ. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ 13ಕ್ಕೆ ಹದಿಹರೆಯದವರ ಕೂಟ ಆರಂಭ. ಇಂಥ ಹಿರಿಯ ಮಕ್ಕಳ ಕೂಟಗಳಿಗೆ ಮಕ್ಕಳು ತಮ್ಮಿಷ್ಟದಂತೆ ಬಂದು ಹೋಗುತ್ತಾರೆ. ಸಿಬ್ಬಂದಿ ಆಟ ಆಡಿಸುತ್ತಾರೆ. ಮಗು ಎಲ್ಲಿಗೆ ಹೋಯಿತೆಂದು ನೋಡಿಕೊಳ್ಳುವ ಹೊಣೆ ಅವರದಲ್ಲ. ಹನ್ನೆರಡನೆಯ ಹುಟ್ಟುಹಬ್ಬ ಕಳೆದ ತಿಂಗಳಷ್ಟೇ ಆಗಿದ್ದ ಮಗು ಒಂದು ಹಡಗಿನಲ್ಲಿ ಕಾವಲಿನ ಕೂಟದಲ್ಲಿಯೂ ಮತ್ತೊಂದು ಹಡಗಿನಲ್ಲಿ ತೆರೆದ ಕೂಟದಲ್ಲಿಯೂ ಇರಬಹುದು. 'ಮಗು ಕೂಟದಲ್ಲಿದೆ' ಎಂಬ ಮಾತಿನಿಂದ ನಿಶ್ಚಿಂತರಾಗುವ ಮುನ್ನ ಅದು ಯಾವ ಬಗೆಯ ಕೂಟವೆಂದು ತಿಳಿದಿರಬೇಕು.

ಕಾವಲು ಸಡಿಲಿಸಬಾರದ ನಾಲ್ಕು ಕಡೆ

ಸ್ವಾತಂತ್ರ್ಯವನ್ನು ಎಷ್ಟೇ ಉದಾರವಾಗಿ ಕೊಟ್ಟರೂ ನಾಲ್ಕು ಕಡೆ ಮಾತುಕತೆಗೆ ಎಡೆಯಿರಬಾರದು.

ಮೊದಲನೆಯದು ನೀರು. ಮುಳುಗುವ ಮಗು ಕೂಗುತ್ತದೆ, ಕೈಬೀಸುತ್ತದೆ ಎಂಬುದು ಸಿನಿಮಾದ ಕಲ್ಪನೆ. ಉಸಿರಿಗಾಗಿ ಒದ್ದಾಡುವ ಮಗುವಿಗೆ ಕೂಗಲು ಉಸಿರೇ ಇರುವುದಿಲ್ಲ. ಸುತ್ತ ಹತ್ತಾರು ಜನರಿರುವಾಗಲೇ ಅದು ಸದ್ದಿಲ್ಲದೆ, ಒಂದೆರಡು ನಿಮಿಷಗಳೊಳಗೆ ನಡೆದುಹೋಗುತ್ತದೆ. ಕೆಲವು ಸಂಸ್ಥೆಗಳು ಈಜುಕೊಳಕ್ಕೆ ಜೀವರಕ್ಷಕರನ್ನು ನೇಮಿಸಿವೆ. ರಾಯಲ್ ಕೆರಿಬಿಯನ್ 2017ರಲ್ಲಿ ಈ ಕ್ರಮವನ್ನು ಆರಂಭಿಸಿತು. ಜೀವರಕ್ಷಕರಿಲ್ಲದ ಹಡಗುಗಳೂ ಇವೆ. ಹಡಗು ಓಲಾಡಿದಾಗ ಕೊಳದ ನೀರೂ ತುಳುಕಾಡುವುದರಿಂದ ನೆಲದ ಮೇಲಿನ ಕೊಳದಲ್ಲಿ ಚೆನ್ನಾಗಿ ಈಜುವ ಮಗುವೂ ಇಲ್ಲಿ ತಬ್ಬಿಬ್ಬಾಗಬಹುದು. ಹನ್ನೆರಡು ವರ್ಷದವರಾದರೂ ಸರಿ, ನೀರಿಗಿಳಿಯುವಾಗ ಕುಟುಂಬದ ಹಿರಿಯರೊಬ್ಬರು ಕೈಯಲ್ಲಿ ಮೊಬೈಲ್ ಇಲ್ಲದೆ ದಡದಲ್ಲಿರಲೇಬೇಕು.

ಎರಡನೆಯದು ಕಟಾಂಜನ. ಅಮೆರಿಕದ 2010ರ ವಿಹಾರ ನೌಕೆ ಸುರಕ್ಷತಾ ಕಾಯಿದೆಯು ಹಡಗಿನ ಅಂಚಿನ ಕಟಾಂಜನ ಕನಿಷ್ಠ 42 ಅಂಗುಲ, ಅಂದರೆ ಮೂರೂವರೆ ಅಡಿ ಎತ್ತರವಿರಬೇಕೆಂದು ವಿಧಿಸಿದೆ. ನೆಲದ ಮೇಲೆ ಎರಡೂ ಕಾಲೂರಿ ನಿಂತ ಮಗುವಿಗೆ ಅದು ಸಾಕಷ್ಟು ರಕ್ಷಣೆ. ಕುರ್ಚಿಯ ಮೇಲೆ ನಿಂತರೆ, ಕಂಬಿಯ ಮೇಲೆ ಕಾಲಿಟ್ಟರೆ ಆ ರಕ್ಷಣೆ ಉಳಿಯುವುದಿಲ್ಲ. ಕ್ಯಾಬಿನ್ನಿಗೆ ಹೊರಜಗಲಿಯಿದ್ದರೆ ಅಲ್ಲಿನ ಕುರ್ಚಿ ಮೇಜುಗಳನ್ನು ಕಟಾಂಜನದಿಂದ ದೂರ ಸರಿಸಬೇಕು. ಹಿರಿಯರಿಲ್ಲದಾಗ ಆ ಬಾಗಿಲನ್ನು ತೆರೆಯಬಾರದು.

ಮೂರನೆಯದು ಬೇರೆಯವರ ಕ್ಯಾಬಿನ್. ಹೇಳಲು ಹಿಂಜರಿಯುವ ವಿಷಯವಾದರೂ ಹೇಳಲೇಬೇಕಾಗಿದೆ. ಮೇಲೆ ಹೇಳಿದ ಕಾಯಿದೆಯಂತೆ ಹಡಗಿನಲ್ಲಿ ನಡೆದ ಗಂಭೀರ ಅಪರಾಧಗಳ ದೂರುಗಳನ್ನು ಅಮೆರಿಕದ ತನಿಖಾ ಸಂಸ್ಥೆಗೆ ವರದಿ ಮಾಡಬೇಕು. ಅವುಗಳ ಲೆಕ್ಕ ಸಾರ್ವಜನಿಕವಾಗಿ ಪ್ರಕಟವಾಗುತ್ತದೆ. ಆ ದೂರುಗಳಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಸಂಬಂಧಿಸಿದವೇ ಮುಂಚೂಣಿಯಲ್ಲಿವೆ. ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಸಮಾನವಾಗಿ ಹೇಳಬೇಕಾದ ಮಾತು ಇದು: ಹೊಸ ಗೆಳೆಯರ, ಅವರ ಅಣ್ಣಂದಿರ, ಪರಿಚಿತ ಸಿಬ್ಬಂದಿಯ, ಯಾರದೇ ಆಗಲಿ ಕೋಣೆಯೊಳಗೆ ಕಾಲಿಡಬಾರದು, ನಮ್ಮ ಕೋಣೆಯೊಳಗೆ ಯಾರನ್ನೂ ಕರೆಯಬಾರದು, ಸಿಬ್ಬಂದಿಗೆ ಮೀಸಲಾದ ಬಾಗಿಲು ದಾಟಬಾರದು. ಭೇಟಿ, ಆಟ, ಹರಟೆ ಎಲ್ಲವೂ ಜನರಿರುವ ಜಾಗದಲ್ಲಿ. ಯಾರಾದರೂ 'ಇದನ್ನು ಮನೆಯವರಿಗೆ ಹೇಳಬೇಡ' ಎಂದರೆ ಆ ಮಾತೇ ಮನೆಯವರಿಗೆ ತಿಳಿಸಬೇಕಾದ ಮೊದಲ ಸುದ್ದಿ. ಮೈಮುಟ್ಟುವುದು ಇಷ್ಟವಾಗದಿದ್ದರೆ ಹಿರಿಯರ ಮುಖಕ್ಕೂ 'ಬೇಡ' ಎನ್ನುವ ಹಕ್ಕು ಮಗುವಿಗಿದೆ. ಇದನ್ನು ನಾವು ನಮ್ಮ ಬಾಯಿಂದಲೇ ಹೇಳಿಕೊಡಬೇಕು.

ನಾಲ್ಕನೆಯದು ಬಂದರು. ಹಡಗು ದಡ ಮುಟ್ಟಿದ ಮೇಲೆ ಮಗುವಿನ ಒಂಟಿ ಓಡಾಟ ಮುಗಿಯಿತು. ಅಲ್ಲಿ ಬೇರೆ ದೇಶ, ಬೇರೆ ಭಾಷೆ. ಹಡಗು ಗೊತ್ತಾದ ಸಮಯಕ್ಕೆ ಹೊರಟುಬಿಡುತ್ತದೆ. ಅಲ್ಲಿ ಕೈಹಿಡಿದೇ ನಡೆಯಬೇಕು. ಹನ್ನೆರಡರ ಮಗುವಿಗೆ ನಾಚಿಕೆಯಾದರೂ ಚಿಂತೆಯಿಲ್ಲ.

ಅಪಾಯದ ಕರೆ ಕೇಳಿದಾಗ

2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ 'ಕೋಸ್ಟಾ ಕಾಂಕಾರ್ಡಿಯಾ' ಎಂಬ ವಿಹಾರ ನೌಕೆ ಬಂಡೆಗೆ ಬಡಿದು 32 ಮಂದಿ ಮೃತಪಟ್ಟರು. ಅಂದು ಹತ್ತಿದ್ದ ಹಲವರಿಗೆ ಸುರಕ್ಷತಾ ತಾಲೀಮು ಇನ್ನೂ ಆಗಿರಲಿಲ್ಲ. ಆನಂತರ ಅಂತರರಾಷ್ಟ್ರೀಯ ನಿಯಮ ಬದಲಾಗಿ, ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ತಾಲೀಮು ಕಡ್ಡಾಯವಾಯಿತು. ಏಳು ಸಲ ಗಿಡ್ಡ, ಒಂದು ಸಲ ಉದ್ದನೆಯ ಕಹಳೆ ಮೊಳಗಿದರೆ ಅದು ಅಪಾಯದ ಕರೆ. ಪ್ರತಿಯೊಬ್ಬರೂ ತಮಗೆ ಗೊತ್ತುಪಡಿಸಿದ ಜಾಗದಲ್ಲಿ ಸೇರಬೇಕು.

ಒಬ್ಬಂಟಿಯಾಗಿ ಓಡಾಡುವ ಮಗುವಿಗೆ ಈ ತಾಲೀಮು ಇತರರಿಗಿಂತ ಹೆಚ್ಚು ಮುಖ್ಯ. ಅಪಾಯದ ಕರೆ ಕೇಳಿದಾಗ ಮಗು ಅಪ್ಪ-ಅಮ್ಮನನ್ನು ಹುಡುಕಿಕೊಂಡು ಕ್ಯಾಬಿನ್ನಿಗೂ, ಅಪ್ಪ-ಅಮ್ಮ ಮಗುವನ್ನು ಹುಡುಕಿಕೊಂಡು ಕೂಟಕ್ಕೂ ಓಡಿದರೆ ಇಬ್ಬರೂ ಸಿಕ್ಕಿಕೊಳ್ಳುತ್ತಾರೆ. ಮಗು ಕೂಟದಲ್ಲಿದ್ದರೆ ಏನಾಗುತ್ತದೆ, ಸಿಬ್ಬಂದಿ ಅದನ್ನು ಎಲ್ಲಿಗೆ ಕರೆತರುತ್ತಾರೆಂದು ಮೊದಲ ದಿನವೇ ಕೇಳಿಟ್ಟುಕೊಳ್ಳಬೇಕು. ಬೇರೆಲ್ಲಿಯೇ ಇದ್ದರೂ ಮಗು ನೇರವಾಗಿ ಗೊತ್ತುಪಡಿಸಿದ ಜಾಗಕ್ಕೇ ಬರಬೇಕೆಂದು ಮುಂಚಿತವಾಗಿ ಒಪ್ಪಂದವಾಗಿರಲಿ. ದಾರಿ ಕಾಣದಿದ್ದರೆ ಹತ್ತಿರದ ಸಿಬ್ಬಂದಿಗೆ ತನ್ನ ಕೈಪಟ್ಟಿಯನ್ನೋ ಕ್ಯಾಬಿನ್ ಕಾರ್ಡನ್ನೋ ತೋರಿಸಲಿ.

ಹಂತ ಹಂತವಾಗಿ

ಔಷಧಿಯನ್ನು ಮಗುವಿನ ತೂಕಕ್ಕೆ ತಕ್ಕಂತೆ ಅಳೆದು ಕೊಡುತ್ತೇವೆ. ಪರಿಣಾಮ ನೋಡಿ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುತ್ತೇವೆ. ಸ್ವಾತಂತ್ರ್ಯವನ್ನೂ ಹಾಗೆಯೇ ಕೊಡಬಹುದು.

ಮೊದಲ ದಿನ ಇಡೀ ಕುಟುಂಬ ಹಡಗನ್ನು ಸುತ್ತಿ ನೋಡಲಿ. ಮುಂದೆ ನಡೆಯುವವರು ಮಕ್ಕಳಾಗಿರಲಿ. ಹಡಗಿನ ಮುಂಭಾಗ ಯಾವುದು, ಹಿಂಭಾಗ ಯಾವುದು, ಪ್ರತಿ ಲಿಫ್ಟಿನ ಎದುರಿನ ಗುರುತು ಏನು ಎಂದು ಮಗುವೇ ಹೇಳಲಿ. ಕ್ಯಾಬಿನ್ ಸಂಖ್ಯೆಯ ಮೊದಲ ಒಂದೆರಡು ಅಂಕಿಗಳು ಸಾಮಾನ್ಯವಾಗಿ ಅಂತಸ್ತನ್ನು ಸೂಚಿಸುತ್ತವೆ. ಹಲವು ಹಡಗುಗಳಲ್ಲಿ ಸಮ ಸಂಖ್ಯೆ ಒಂದು ಬದಿಗೆ, ಬೆಸ ಸಂಖ್ಯೆ ಇನ್ನೊಂದು ಬದಿಗೆ. ಇದನ್ನು ಒಗಟಿನಂತೆ ಬಿಡಿಸಲು ಹೇಳಿದರೆ ಮಕ್ಕಳು ಮರೆಯುವುದಿಲ್ಲ. ನಾವು ಮಾಡದೆ ಬಿಟ್ಟ ಕೆಲಸ ಇದೇ.

ಎರಡನೆಯ ಹಂತದಲ್ಲಿ ಮಗು ಮುಂದೆ, ನಾವು ಇಪ್ಪತ್ತು ಹೆಜ್ಜೆ ಹಿಂದೆ. ದಾರಿ ತಪ್ಪಿದರೂ ಕೂಡಲೇ ತಿದ್ದಬಾರದು. ತಾನೇ ಕಂಡುಕೊಳ್ಳಲು ಸಮಯ ಕೊಡಬೇಕು. ಮೂರನೆಯ ಹಂತದಲ್ಲಿ ಒಂದೇ ಕೆಲಸ, ಒಂದೇ ದಾರಿ: ಕೂಟದಿಂದ ಕ್ಯಾಬಿನ್ನಿಗೆ, ಅಥವಾ ಕ್ಯಾಬಿನ್ನಿನಿಂದ ಊಟದ ಶಾಲೆಗೆ, ಹಗಲಿನಲ್ಲಿ. ಅದು ಸರಿಹೋದರೆ ನಾಲ್ಕನೆಯ ಹಂತದಲ್ಲಿ ಜೊತೆಗಾರರೊಂದಿಗೆ ಎರಡು ಮೂರು ಗೊತ್ತಾದ ಜಾಗಗಳಲ್ಲಿ ಒಂದು ಗಂಟೆ. ಕತ್ತಲಾದ ಮೇಲಿನ ಒಂಟಿ ಓಡಾಟ ಈ ವಯಸ್ಸಿಗೆ ಬೇಡ.

ಸಂಪರ್ಕದ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಬೇಕು. ನಡುಸಮುದ್ರದಲ್ಲಿ ಸಾಮಾನ್ಯ ಮೊಬೈಲ್ ಜಾಲ ದೊರೆಯುವುದಿಲ್ಲ; ಹಡಗಿನ ಮೂಲಕ ದೊರೆಯುವ ಸಂಪರ್ಕಕ್ಕೆ ದುಬಾರಿ ಶುಲ್ಕ ಬೀಳುತ್ತದೆ. ಓಣಿಗಳಲ್ಲಿರುವ ಒಳಫೋನನ್ನು ಬಳಸುವುದನ್ನು ಮಗುವಿಗೆ ಒಮ್ಮೆ ಮಾಡಿಸಿಯೇ ಕಲಿಸಬೇಕು. ಕ್ಯಾಬಿನ್ನಿನಲ್ಲಿ ಒಂದು ಪುಟ್ಟ ಹಲಗೆಯನ್ನೋ ಕಾಗದವನ್ನೋ ಇಟ್ಟು 'ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ಹಿಂದಿರುಗುವುದು' ಎಂದು ಬರೆದು ಹೋಗುವ ರೂಢಿ ಹಿರಿಯರಿಗೂ ಇರಲಿ. ಹಡಗಿನ ಗಡಿಯಾರಕ್ಕೂ ಬಂದರಿನ ಗಡಿಯಾರಕ್ಕೂ ಕೆಲವೊಮ್ಮೆ ಒಂದು ಗಂಟೆಯ ವ್ಯತ್ಯಾಸವಿರುತ್ತದೆ. ಮೊಬೈಲ್ ತನ್ನಷ್ಟಕ್ಕೆ ಸಮಯ ಬದಲಿಸಿ ಗೊಂದಲ ತರುತ್ತದೆ. ಮಗುವಿನ ಮುಂಗೈಗೆ ಹಡಗಿನ ಸಮಯಕ್ಕೆ ಹೊಂದಿಸಿದ ಸಾದಾ ಕೈಗಡಿಯಾರವೊಂದನ್ನು ಕಟ್ಟುವುದು ಎಲ್ಲಕ್ಕಿಂತ ಸರಳ ಉಪಾಯ. ಕ್ಯಾಬಿನ್ ತೆರೆಯುವ ಕಾರ್ಡಿನಿಂದಲೇ ಖರೀದಿಯೂ ಆಗುವುದರಿಂದ ಮಗುವಿನ ಕಾರ್ಡಿಗೆ ಮಿತಿ ಹಾಕಿಸಬೇಕು. ಇಲ್ಲವಾದರೆ ಆಟದ ಯಂತ್ರಗಳ ಲೆಕ್ಕ ಕೊನೆಯ ದಿನ ಬೆಚ್ಚಿಬೀಳಿಸುತ್ತದೆ.

ತನ್ನ ಆರೋಗ್ಯ ತನ್ನ ಕೈಯಲ್ಲಿ

ಒಬ್ಬರೇ ಊಟಕ್ಕೆ ಹೋಗುವ ಮಗು ತನ್ನ ಆರೋಗ್ಯದ ಹೊಣೆಯನ್ನೂ ಅಷ್ಟಿಷ್ಟು ಹೊರುತ್ತದೆ. ಹಡಗುಗಳಲ್ಲಿ ವಾಂತಿಭೇದಿ ಹರಡುವ ನೊರೊವೈರಸ್ ಎಂಬ ಸೋಂಕು ಆಗಾಗ ಕಾಣಿಸಿಕೊಳ್ಳುತ್ತದೆ. ಬಾಗಿಲ ಬಳಿ ಇಟ್ಟಿರುವ ಸ್ಯಾನಿಟೈಸರ್ ಈ ವೈರಾಣುವಿಗೆ ಸಾಕಾಗುವುದಿಲ್ಲ. ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಉಜ್ಜಿ ಹರಿಯುವ ನೀರಿನಲ್ಲಿ ಕೈ ತೊಳೆಯಬೇಕು. ಊಟಕ್ಕೆ ಮುನ್ನ ಒಮ್ಮೆ, ಶೌಚದ ನಂತರ ಒಮ್ಮೆ, ತಪ್ಪದೆ.

ಕಡಲ ಓಲಾಟದಿಂದ ಬರುವ ವಾಕರಿಕೆ ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಹೆಚ್ಚು. ಹಡಗಿನ ನಡುಭಾಗದ ಕೆಳ ಅಂತಸ್ತಿನಲ್ಲಿ ಓಲಾಟ ಕಡಿಮೆ. ತೆರೆದ ಗಾಳಿಯಲ್ಲಿ ಕುಳಿತು ದಿಗಂತವನ್ನು ನೋಡುವುದು, ಹಗುರ ಆಹಾರ, ಮೊಬೈಲಿನಿಂದ ದೂರವಿರುವುದು ಅನುಕೂಲ. ವಾಂತಿ ತಡೆಯುವ ಮಾತ್ರೆಗಳನ್ನು ಹೊರಡುವ ಮುನ್ನವೇ ಮಕ್ಕಳ ವೈದ್ಯರನ್ನು ಕೇಳಿ ಒಯ್ಯಬೇಕು. ದೊಡ್ಡವರು ಕಿವಿಯ ಹಿಂದೆ ಅಂಟಿಸಿಕೊಳ್ಳುವ ಸ್ಕೋಪಲಮೈನ್ ಪಟ್ಟಿಯನ್ನು ಮಕ್ಕಳಿಗೆ ಹಾಕಬಾರದು. ಈ ಮಾತ್ರೆಗಳಲ್ಲಿ ಹೆಚ್ಚಿನವು ಮಂಪರು ತರುತ್ತವೆ. ಮಾತ್ರೆ ತೆಗೆದುಕೊಂಡ ದಿನ ಮಗುವಿನ ಒಂಟಿ ಓಡಾಟವೂ ಈಜೂ ರದ್ದು.

ದಿನವಿಡೀ ಐಸ್‌ಕ್ರೀಂ ಸಿಗುವ ಜಾಗದಲ್ಲಿ ಹಸಿವೂ ನಿದ್ರೆಯೂ ಬೇಗ ಹದಗೆಡುತ್ತವೆ. ಆರರಿಂದ ಹನ್ನೆರಡರ ಮಕ್ಕಳಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ರೆ ಬೇಕು. ನಿದ್ರೆಗೆಟ್ಟ ಮಗುವಿನ ವಿವೇಚನೆಯೂ ಮಂಕಾಗುತ್ತದೆ. ಕಡಲೆಕಾಯಿ, ಹಾಲು ಮುಂತಾದವುಗಳ ಅಲರ್ಜಿಯಿರುವ ಮಗು ಅದನ್ನು ಬಡಿಸುವವರಿಗೆ ಸ್ಪಷ್ಟವಾಗಿ ಹೇಳಲು ಕಲಿತ ಮೇಲೆಯೇ ಒಬ್ಬಂಟಿಯಾಗಿ ತಟ್ಟೆ ಹಿಡಿಯಲಿ. ಸಸ್ಯಾಹಾರಿ ಮನೆಗಳ ಮಕ್ಕಳಿಗೂ ಇದೇ ಮಾತು. ಜೆಲ್ಲಿ, ಮಾರ್ಷ್‌ಮೆಲೋ ಮುಂತಾದ ಸಿಹಿಗಳಲ್ಲಿ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆ. ನಮ್ಮ ಎಂಟರ ಹುಡುಗ ಅಕ್ಕನ ಬೆನ್ನ ಹಿಂದೆ ನಿಂತು 'ಇದರಲ್ಲಿ ಮಾಂಸವಿದೆಯೇ, ಮೊಟ್ಟೆಯಿದೆಯೇ' ಎಂದು ಅಡಿಗೆಯವರನ್ನು ಕೇಳುವುದನ್ನು ಎರಡೇ ದಿನದಲ್ಲಿ ಕಲಿತುಬಿಟ್ಟ. ಕೇಳಲು ನಾಚದಿರುವುದೂ ಸ್ವಾತಂತ್ರ್ಯದ ಒಂದು ಪಾಠವೇ.

ಅಜ್ಜ-ಅಜ್ಜಿಯರ ಗಮನಕ್ಕೆ

ಈ ಪ್ರವಾಸಗಳಲ್ಲಿ ಮಕ್ಕಳ ಮೇಲೆ ಕಣ್ಣಿಡುವ ಹೊಣೆ ಬಹಳ ಸಲ ಅಜ್ಜ-ಅಜ್ಜಿಯರ ಪಾಲಿಗೆ ಬರುತ್ತದೆ. ಊರಿನಿಂದ ಹೋದವರಿಗೆ ಹಡಗೂ ಹೊಸದು, ಭಾಷೆಯೂ ಹೊಸದು. ತಾಯಿ ಬೇಡವೆಂದದ್ದನ್ನು ಅಜ್ಜಿ ಪ್ರೀತಿಯಿಂದ ಒಪ್ಪಿದರೆ ಮಗುವಿಗೆ ನಿಯಮವೇ ಇಲ್ಲದಂತಾಗುತ್ತದೆ. ತಾಯಿ ಒಪ್ಪಿದ್ದನ್ನು ಅಜ್ಜ ಹೆದರಿ ತಡೆದರೆ ಮಗು ಸುಳ್ಳು ಹೇಳಲು ಕಲಿಯುತ್ತದೆ. ಹೊರಡುವ ಮುನ್ನ ಮನೆಯವರೆಲ್ಲ ಕುಳಿತು ನಿಯಮಗಳನ್ನು ಒಂದೇ ಮಾಡಿಕೊಳ್ಳಬೇಕು. ಈಜು ಬಾರದ ಹಿರಿಯರೊಬ್ಬರನ್ನೇ ಈಜುಕೊಳದ ಕಾವಲಿಗೆ ಬಿಡಬಾರದು. ಅದು ಅವರಿಗೂ ಅನ್ಯಾಯ, ಮಗುವಿಗೂ ಅನ್ಯಾಯ.

ಮರಳಿ ಬರುವ ದಾರಿ

ಆ ರಾತ್ರಿ ಮಗಳನ್ನು ಕ್ಯಾಬಿನ್ನಿಗೆ ಕರೆತಂದಾಗ ತಂಗಿ ಬೈಯಲಿಲ್ಲ. ಬೈಯಲು ಬಾಯಿ ತೆರೆದವಳು ಅವಳ ಮಾತು ಕೇಳಿ ಸುಮ್ಮನಾದಳು. ಬಹಳ ಹೊತ್ತಿನ ನಂತರ, "ನೀನು ತಡವಾಗಿ ಬಂದರೆ ನನಗೆ ಭಯವಾಗುತ್ತದೆ. ಫೋನ್ ಮಾಡಿ 'ದಾರಿ ತಪ್ಪಿದೆ' ಎಂದರೆ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಅದಕ್ಕೆ ಶಿಕ್ಷೆಯಿಲ್ಲ" ಎಂದಳು. ಮರುದಿನ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಆ ದಾರಿಯನ್ನು ಮೂರು ಸಲ ನಡೆದರು. ಮೂರನೆಯ ಸಲ ಬೇಕೆಂದೇ ಹಿಂದಿನ ಲಿಫ್ಟಿನಲ್ಲಿ ಇಳಿದು, ಅಲ್ಲಿಂದ ಕ್ಯಾಬಿನ್ ಹುಡುಕಿದರು. ಒಂದು ದಿನ ಬಿಟ್ಟು ಅವಳನ್ನು ಮತ್ತೆ ಒಬ್ಬಳೇ ಕಳಿಸಲಾಯಿತು, ಈ ಸಲ ಹಗಲಿನಲ್ಲಿ. ಗಡುವಿಗೆ ಐದು ನಿಮಿಷ ಮುಂಚೆ ಕ್ಯಾಬಿನ್ನಿನ ಫೋನ್ ಮೊಳಗಿತು: "ಅಮ್ಮಾ, ಆಟ ಮುಗಿದಿಲ್ಲ, ಇನ್ನೂ ಹತ್ತು ನಿಮಿಷ ಇರಲೇ?" ತಂಗಿ ನನ್ನ ಮುಖ ನೋಡಿ ನಕ್ಕಳು.

ತಪ್ಪಿಗೆ ಪರಿಣಾಮವೇ ಇರಬಾರದೆಂದು ನನ್ನ ಅಭಿಪ್ರಾಯವಲ್ಲ. ಮಗು ಗೊತ್ತಿದ್ದೂ ಒಪ್ಪಂದ ಮುರಿದರೆ ಒಂದು ಹಂತ ಕೆಳಗಿಳಿಸಬಹುದು. ಸಂಜೆಯ ಓಡಾಟವನ್ನು ಹಗಲಿಗೆ ತರಬಹುದು. ಅದರ ಕಾರಣ ಹೇಳಬೇಕು, ಮತ್ತೆ ಮೇಲೇರುವ ದಾರಿಯನ್ನೂ ಹೇಳಬೇಕು. ಆದರೆ ನಿಜ ಹೇಳಿದ್ದಕ್ಕಾಗಿ, ಸಹಾಯ ಕೇಳಿದ್ದಕ್ಕಾಗಿ ಮಗು ಎಂದೂ ಶಿಕ್ಷೆ ಅನುಭವಿಸಬಾರದು. ಇಂದು ತಡವಾದುದನ್ನು ಹೇಳಲು ಹೆದರುವ ಮಗು ನಾಳೆ ಯಾರೋ ಕೆಟ್ಟದಾಗಿ ನಡೆದುಕೊಂಡದ್ದನ್ನು ಹೇಳಲೂ ಹೆದರುತ್ತದೆ.

ಹಡಗು ಹತ್ತದವರಿಗೂ ಈ ಮಾತು ಅನ್ವಯಿಸುತ್ತದೆ. ಜಾತ್ರೆಯ ಜನಸಂದಣಿ, ಮದುವೆಯ ಛತ್ರ, ರೈಲು ನಿಲ್ದಾಣ, ಟ್ಯೂಷನ್ನಿನ ದಾರಿ, ಎಲ್ಲಿಯಾದರೂ ಮಗುವನ್ನು ಮೊದಲ ಸಲ ಒಬ್ಬಂಟಿಯಾಗಿ ಕಳಿಸುವಾಗ 'ಹುಷಾರಾಗಿ ಹೋಗಿ ಬಾ' ಎನ್ನುತ್ತೇವೆ. ಅದರೊಂದಿಗೆ 'ಏನೇ ಆದರೂ ನನಗೆ ಹೇಳು, ನಾನು ಬೈಯುವುದಿಲ್ಲ' ಎಂಬ ಮಾತನ್ನೂ ಸೇರಿಸೋಣ. ಸೇರಿಸಿದ ಮೇಲೆ ಅದನ್ನು ಉಳಿಸಿಕೊಳ್ಳೋಣ.

ಕೊನೆಯ ಸಂಜೆ ಊಟದ ಹೊತ್ತಿಗೆ ನಮ್ಮ ತಾಯಿಯವರಿಗೆ ಕ್ಯಾಬಿನ್ನಿನಿಂದ ಹೊರಟರೆ ಎತ್ತ ತಿರುಗಬೇಕೆಂಬುದೇ ತಿಳಿಯದಾಗಿತ್ತು. ಮೊಮ್ಮಗಳು, "ಬಾ ಅಜ್ಜೀ, ನನಗೆ ದಾರಿ ಗೊತ್ತು" ಎಂದು ಅವರ ಕೈ ಹಿಡಿದು ಮುಂದೆ ನಡೆದಳು. ನಾವು ಇಪ್ಪತ್ತು ಹೆಜ್ಜೆ ಹಿಂದೆ ನಡೆದೆವು.